ರಸ್ತೆ ನೆಲದಡಿಗೆ ಇಳಿದ ವರ್ಷ

ಫೆಬ್ರವರಿ ೯

ಮಗಳೇ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಸುದ್ದಿ ಕೇಳು. ತೂತು ಬಿತ್ತು! ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಸುರಂಗ ಕೊರೆಯುವ ಯಂತ್ರ ನಮ್ಮ ಕಡೆಯ ಗೋಡೆ ಒಡೆದುಕೊಂಡು ಹೊರಗೆ ಬಂತು. ನಾನು ಕಣ್ಣಾರೆ ನೋಡಿದೆ.

ರಸ್ತೆ ಬದಿಯ ಮನೆಯವರನ್ನೆಲ್ಲ ಕರೆದಿದ್ದರು. ತಲೆಗೊಂದು ಹಳದಿ ಟೋಪಿ ಹಾಕಿಸಿ ಬೇಲಿಯ ಹಿಂದೆ ನಿಲ್ಲಿಸಿದರು. ಎದುರಿಗೆ ಮೂರಂತಸ್ತಿನ ಮನೆಯಷ್ಟು ಎತ್ತರದ ಸಿಮೆಂಟ್ ಗೋಡೆ. ಮೊದಲು ಅಂಗಾಲಿಗೆ ಇರುವೆ ಹರಿದ ಹಾಗೆ ನೆಲ ನಡುಗಿತು. ಆಮೇಲೆ ಗೋಡೆಯ ನಡುವೆ ಕೂದಲೆಳೆಯಷ್ಟು ಬಿರುಕು. ಹೆಂಚಿನಷ್ಟು ಚೂರು ಬಿತ್ತು, ಬಾಗಿಲಿನಷ್ಟು ಚೂರು ಬಿತ್ತು, ಆಮೇಲೆ ಇಡೀ ಗೋಡೆ ಧಡಾರ್ ಅಂತ ಕುಸಿದು, ಧೂಳಿನೊಳಗಿಂದ ಯಂತ್ರದ ಮುಖ ತಿರುಗುತ್ತಾ ತಿರುಗುತ್ತಾ ಬಂತು. ಎಲ್ಲರೂ ಕೂಗಿದರು. ನಾನೂ ಕೂಗಿದೆ. ಪಕ್ಕದಲ್ಲಿದ್ದ ನಮ್ಮ ಎದುರುಮನೆಯ ಲಾಂಡ್ರಿ ಚಿಕ್ಕಮ್ಮ ತೋಳು ಹಿಡಿದು, "ಭಾವ, ಅಳ್ತಾ ಇದ್ದೀರಾ?" ಅಂದಳು. "ಧೂಳು ಬಿತ್ತು ಕಣ್ಣಿಗೆ" ಅಂದೆ. ಅವಳ ಕಣ್ಣಿಗೂ ಅದೇ ಧೂಳು ಬಿದ್ದಿತ್ತು.

ಮೂವತ್ತೊಂದು ವರ್ಷ ಇದೇ ರಸ್ತೆಯ ಸರ್ಕಲ್ಲಿನ ನಡುವೆ ಕೈ ಎತ್ತಿ ನಿಂತ ಟ್ರಾಫಿಕ್ ಪೇದೆ ನಾನು. ಎಷ್ಟು ಗಾಡಿ ಬಿಟ್ಟರೂ ಹಿಂದೆ ಅಷ್ಟೇ ಗಾಡಿ ನಿಂತಿರುತ್ತಿದ್ದವು. ಲೋಟದಲ್ಲಿ ಕೆರೆ ಖಾಲಿ ಮಾಡಿದ ಹಾಗೆ. ಈಗ ಕೆರೆಯೇ ಕೆಳಗೆ ಇಳಿಯುತ್ತೆ! ಊರು ದಾಟಿ ಹೋಗುವ ಲಾರಿ, ಟ್ಯಾಂಕರ್, ದೂರದ ಬಸ್ಸು ಎಲ್ಲವೂ ನೆಲದಡಿಗೆ. ಮೇಲೆ ಆರು ಸಾಲಿನ ರಸ್ತೆಯಲ್ಲಿ ಎರಡೇ ಸಾಲು ಉಳಿಸಿ, ಮಿಕ್ಕ ಜಾಗದಲ್ಲಿ ಮರ, ನಡೆಯುವ ದಾರಿ, ಸೈಕಲ್ ದಾರಿ. ರೈಲ್ವೆ ಸ್ಟೇಷನ್ನಿನಿಂದ ಬರುವ ಹದಿನಾಲ್ಕನೇ ನಂಬರ್ ಬಸ್ಸೂ ಸುರಂಗದಲ್ಲೇ. ಈಗ ಒಂದು ಗಂಟೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುವ ದಾರಿ ಇನ್ನು ಹದಿನೈದು ನಿಮಿಷ. ಸ್ಟೇಷನ್ ಪಕ್ಕದಲ್ಲೇ ನಿನ್ನ ಹಳೆಯ ಪ್ರೆಸ್ಸು. ಲೆಕ್ಕ ನೀನೇ ಹಾಕಿಕೋ.

ಮುಂದಿನ ಜನವರಿಗೆ ತೆರೆಯುತ್ತಾರಂತೆ. "ಮಗುವನ್ನ ಈ ರಸ್ತೆಯಿಂದ ದೂರ ಇಡಿ" ಅಂತ ಡಾಕ್ಟರು ಹೇಳಿ ಮೂರೂವರೆ ವರ್ಷ ಆಯಿತು. ರಸ್ತೆಯೇ ದೂರ ಹೋದರೆ ನೀವು ಬರಬಹುದಲ್ಲ?

ಫೋನಿನಲ್ಲೇ ಹೇಳೋಣವೆಂದರೆ ಹಾರನ್ನು ತಿಂದ ಈ ಕಿವಿಗೆ ನಿನ್ನ ಉತ್ತರ ಕೇಳಿಸುವುದಿಲ್ಲ. ಮೊಬೈಲಿನಲ್ಲಿ ಕುಟ್ಟೋಣವೆಂದರೆ ಹೆಬ್ಬೆರಳು ಒಂದೇ ಸಲಕ್ಕೆ ಮೂರು ಅಕ್ಷರ ಒತ್ತುತ್ತದೆ. ಕಾಗದವೇ ಸರಿ. ಬೇಗ ಬರೆ.

ನಿನ್ನ ಅಪ್ಪ

•

ಫೆಬ್ರವರಿ ೨೪

ಅಪ್ಪಾ,

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿ ಹೇಳು ಅಂತ ಪೀಪಿ ನಾಲ್ಕು ಸಲ ಓದಿಸಿದಳು. "ಧಡಾರ್" ಬಂದಾಗ ಪ್ರತಿ ಸಲವೂ ಮಂಚದ ಮೇಲಿಂದ ಹಾರಿದಳು. ಕೆಳಗಿನ ಮನೆಯವರು ಬಂದು ವಿಚಾರಿಸಿಕೊಂಡು ಹೋದರು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಕಾಲೇಜಿನ ಲೈಬ್ರರಿಯಲ್ಲಿ ಹರಿದ ಪುಸ್ತಕ ಹೊಲಿಯುತ್ತೇನೆ. ಪ್ರೆಸ್ಸಿನಲ್ಲಿ ಹನ್ನೆರಡು ಜನರ ಬೈಂಡಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದವಳಿಗೆ ಇಲ್ಲಿ ಒಂದು ಮೇಜು, ಒಂದು ಅಂಟಿನ ಡಬ್ಬಿ, ಮಾತಾಡದ ಗೋಡೆ. ಇವರ ಹಡಗು ಜುಲೈಗೆ ದಡ ಸೇರುತ್ತದೆ. "ನೀನು ಎಲ್ಲಿದ್ದರೆ ಅದೇ ನನ್ನ ಬಂದರು" ಅಂತ ಬರೆದಿದ್ದಾರೆ. ಅಂದರೆ ತೀರ್ಮಾನ ನನ್ನ ತಲೆಗೇ ಕಟ್ಟಿದ್ದಾರೆ.

ಅಪ್ಪಾ, ನಿನ್ನ ಖುಷಿಗೆ ತಣ್ಣೀರು ಹಾಕಬೇಕೆಂದಿಲ್ಲ. ಆದರೆ ಒಂದು ಪ್ರಶ್ನೆ. ಅಷ್ಟು ಗಾಡಿ ನೆಲದಡಿ ಓಡಿದರೆ ಅಷ್ಟು ಹೊಗೆಯೂ ನೆಲದಡಿಯೇ ಹುಟ್ಟುತ್ತದೆ. ಅದು ಎಲ್ಲಿಂದಲೋ ಹೊರಗೆ ಬರಲೇಬೇಕು. ಎಲ್ಲಿಂದ ಬರುತ್ತದೆ?

ನೀನು ಮಗುವಿಗೆ ಪೀಪಿ ಅಂತ ಹೆಸರಿಟ್ಟಿದ್ದು ಅವಳು ನಿನ್ನ ಡ್ಯೂಟಿ ಸೀಟಿಯನ್ನು ಬಾಯಿಂದ ತೆಗೆಯದೆ ಮನೆಯಿಡೀ ಓಡುತ್ತಿದ್ದಳು ಅಂತ. ಆಮೇಲೆ ಅವಳ ಎದೆಯೇ ಸೀಟಿ ಊದಲು ಶುರು ಮಾಡಿತು. ಆ ಸದ್ದಿಗೆ ಎದ್ದು ಕೂತ ದಿನಗಳು ನಿನಗೂ ನೆನಪಿವೆ. ಈ ಚಳಿಗಾಲದಲ್ಲಿ ಒಂದೇ ಒಂದು ಸಲ ಹಾಗಾಯಿತು. ಅಲ್ಲಿದ್ದಾಗ ವಾರಕ್ಕೆ ಎರಡು ಸಲ ಆಗುತ್ತಿತ್ತು. ಅದಕ್ಕೇ ಕೇಳುತ್ತಿದ್ದೇನೆ. ವಿಚಾರಿಸಿ ಬರೆ.

ಕೆಳಗಿನ ಚಿತ್ರ ಪೀಪಿಯದು. ಕಪ್ಪಗೆ ಉಂಡೆಯಾಗಿರುವುದು ಯಂತ್ರ. ಅದರ ಎದುರು ಕೈ ಎತ್ತಿ ತಡೆಯುತ್ತಿರುವುದು ನೀನು.

ನಿನ್ನ ಮಗಳು

•

ಮಾರ್ಚ್ ೨೦

ಮಗಳೇ,

ಸುರಂಗದೊಳಗೆ ಹೋಗಿ ಬಂದೆ! ಹಳೆಯ ಟ್ರಾಫಿಕ್ ಪೇದೆ ಅಂತ ಗೊತ್ತಾಗಿ ಅವರೇ ಕರೆದರು. ಒಬ್ಬ ಇಂಜಿನಿಯರಮ್ಮ ಕರೆದುಕೊಂಡು ಹೋದಳು. ನಿನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಸುರಂಗದ ಗಾಳಿ ನೋಡಿಕೊಳ್ಳುವುದೇ ಅವಳ ಕೆಲಸ. ಅದಕ್ಕೆ ಕೆಲಸಗಾರರೆಲ್ಲ ಅವಳನ್ನು ಗಾಳಿ ಇಂಜಿನಿಯರಮ್ಮ ಅನ್ನುತ್ತಾರೆ.

ಒಳಗೆ ಕಾಲಿಟ್ಟ ಕೂಡಲೇ ತಂಪು. ಎರಡು ಕೊಳವೆ: ಹೋಗುವುದಕ್ಕೊಂದು, ಬರುವುದಕ್ಕೊಂದು. ಎದುರುಬದುರು ಗುದ್ದಿಕೊಳ್ಳುವ ಮಾತೇ ಇಲ್ಲ. ಅಲ್ಲಲ್ಲಿ ಹಸಿರು ಬಾಗಿಲು, ಬೆಂಕಿ ಗಿಂಕಿ ಬಿದ್ದರೆ ಪಕ್ಕದ ಕೊಳವೆಗೆ ದಾಟಿಕೊಳ್ಳಲು. ಛಾವಣಿಗೆ ನೇತುಬಿದ್ದ ಫ್ಯಾನುಗಳು ಎಷ್ಟು ದೊಡ್ಡವೆಂದರೆ, ಒಂದೊಂದರಲ್ಲಿ ಎಮ್ಮೆ ಮಲಗಬಹುದು. "ಒಳಗೆ ಗಾಡಿ ಕೆಟ್ಟು ನಿಂತರೆ?" ಅಂತ ಕೇಳಿದೆ. "ಹತ್ತು ಸೆಕೆಂಡಿಗೆ ಕ್ಯಾಮೆರಾ ಹಿಡಿಯುತ್ತೆ, ಆ ಸಾಲಿಗೆ ಕೆಂಪು ಗುರುತು ಬೀಳುತ್ತೆ" ಅಂದಳು. ನನ್ನ ಇಡೀ ಸರ್ವಿಸಿನಲ್ಲಿ ಒಂದು ವಾಕಿಟಾಕಿ ನೆಟ್ಟಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಒಂದು ತುದಿಯಿಂದ ಇನ್ನೊಂದಕ್ಕೆ ನಾಲ್ಕೂವರೆ ಕಿಲೋಮೀಟರು. ಅಷ್ಟನ್ನೂ ನಡೆದೆ. ಇಂಜಿನಿಯರಮ್ಮ ಎರಡು ಸಲ "ಕೂತ್ಕೊಳ್ತೀರಾ ಯಜಮಾನರೇ?" ಅಂದಳು. "ನೀವು ಬೇಕಾದ್ರೆ ಕೂತ್ಕೊಳ್ಳಿ ಅಮ್ಮಾ" ಅಂದೆ.

ನಮ್ಮ ಬೀದಿಯಿಂದ ದೊಡ್ಡಾಸ್ಪತ್ರೆಗೆ ಆಂಬುಲೆನ್ಸು ಇನ್ನು ಒಂಬತ್ತು ನಿಮಿಷದಲ್ಲಿ ಮುಟ್ಟುತ್ತದಂತೆ. ನಿನ್ನ ಅಮ್ಮನನ್ನು ಕೊನೆಯ ಸಲ ಕರೆದೊಯ್ದ ದಿನ ಐವತ್ತೆರಡು ನಿಮಿಷ ಹಿಡಿದಿತ್ತು. ಇರಲಿ.

ಲಾಂಡ್ರಿ ಚಿಕ್ಕಮ್ಮ ಈಗಿನಿಂದಲೇ ಹೊರಗೆ ಹಗ್ಗ ಕಟ್ಟಲು ಕಂಬ ಹುಡುಕುತ್ತಿದ್ದಾಳೆ. ಇಪ್ಪತ್ತು ವರ್ಷದಿಂದ ಒಗೆದ ಬಟ್ಟೆಯನ್ನು ಬಾಗಿಲು ಮುಚ್ಚಿಕೊಂಡೇ ಒಣಗಿಸಿದವಳು ಪಾಪ. ಹೊರಗೆ ಹಾಕಿದರೆ ಸಂಜೆಗೆ ಮಸಿ ಒರೆಸಿದ ಹಾಗಿರುತ್ತಿತ್ತು.

ಹೊಗೆಯ ವಿಷಯ ವಿಚಾರಿಸುತ್ತಿದ್ದೇನೆ. ಅದಕ್ಕೆಲ್ಲ ಅವರು ಏನಾದರೂ ಏರ್ಪಾಡು ಮಾಡಿಯೇ ಇರುತ್ತಾರೆ, ಇಷ್ಟು ದೊಡ್ಡ ಕೆಲಸ ಮಾಡುವವರು.

ಪೀಪಿಗೆ ಹೇಳು, ಯಂತ್ರಕ್ಕೆ ಕೈ ಅಡ್ಡ ಹಿಡಿದೆ, ನಿಂತಿತು ಅಂತ.

ನಿನ್ನ ಅಪ್ಪ

•

ಏಪ್ರಿಲ್ ೬

ಅಪ್ಪಾ,

ಪ್ರೆಸ್ಸಿನ ಗೆಳತಿಯೊಬ್ಬಳು ಪತ್ರಿಕೆಯ ತುಣುಕು ಕಳಿಸಿದ್ದಾಳೆ. ಅದರಲ್ಲಿ ನಕಾಶೆ ಇದೆ. ಸುರಂಗದ ಹೊಗೆಯನ್ನೆಲ್ಲ ಎಳೆದು ಹೊರಗೆ ಬಿಡುವ ಗೋಪುರ ನಮ್ಮ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಏಳುತ್ತದೆ. ನಮ್ಮ ಮನೆಯ ಮೆಟ್ಟಿಲಿಂದ ಇನ್ನೂರು ಹೆಜ್ಜೆ. ನಾನು ಚಿಕ್ಕವಳಿದ್ದಾಗ ಎಣಿಸಿದ್ದೇನೆ.

ನೀನು ಮೂರು ಪುಟ ಬರೆದಿದ್ದೀಯ. ಫ್ಯಾನಿನಲ್ಲಿ ಎಮ್ಮೆ ಮಲಗಬಹುದು ಅಂತ ಬರೆದಿದ್ದೀಯ. ಇದನ್ನು ಬರೆದಿಲ್ಲ.

ನಿನಗೆ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ ಅಂತ ಬರೆದರೆ ನಂಬುತ್ತೇನೆ.

ಪೀಪಿ ಚೆನ್ನಾಗಿದ್ದಾಳೆ.

ನಿನ್ನ ಮಗಳು

•

ಜೂನ್ ೧೨

ಮಗಳೇ,

ಗೊತ್ತಿತ್ತು.

ಸುರಂಗ ನೋಡಲು ಹೋದ ದಿನವೇ ಇಂಜಿನಿಯರಮ್ಮ ಬೆರಳು ಮಾಡಿ ಆ ಜಾಗ ತೋರಿಸಿದ್ದಳು. ಕಾಗದ ಬರೆಯುವಾಗ ಆ ಸಾಲಿಗೆ ಬಂದು ಪೆನ್ನು ನಿಂತಿತು. ಬರೆದರೆ ನೀವು ಬರುವುದಿಲ್ಲ ಅಂತ ಗೊತ್ತಿತ್ತು. ಬೇರೆ ಕಾರಣವೇ ಇಲ್ಲ. ಅದಕ್ಕೆ ಎಮ್ಮೆಯನ್ನು ತಂದು ಮಲಗಿಸಿದೆ.

ಎರಡು ತಿಂಗಳು ಬರೆಯದೆ ಇದ್ದದ್ದು ಮುಖ ತೋರಿಸಲಾಗದೆ. ಆದರೆ ಸುಮ್ಮನೆ ಕೂತಿರಲಿಲ್ಲ, ಕೇಳು.

ನಿನ್ನ ಕಾಗದ ಬಂದ ವಾರವೇ ಅವರ ಆಫೀಸಿಗೆ ಹೋದೆ. ತಗಡಿನ ಶೆಡ್ಡು, ಗೋಡೆ ತುಂಬ ನಕಾಶೆ. ಇಂಜಿನಿಯರಮ್ಮ ಕುರ್ಚಿ ಎಳೆದುಕೊಂಡು ಬಂದು ನನ್ನ ಬಲಗಿವಿಯ ಹತ್ತಿರ ಕೂತಳು. ಎಡಗಿವಿ ಪೂರ್ತಿ ಹೋಗಿದೆ ಅಂತ ಅವಳಿಗೆ ಗೊತ್ತು.

"ನೋಡಿ ಯಜಮಾನರೇ, ಅಷ್ಟು ಎತ್ತರದಿಂದ ಬಿಟ್ರೆ ಹೊಗೆ ಗಾಳಿಗೆ ಚದುರಿ ಹೋಗುತ್ತೆ. ಎಲ್ಲ ಲೆಕ್ಕ ಹಾಕಿದ್ದೀವಿ."

"ಗಾಳಿ ಇದ್ರೆ ತಾನೇ ಚದುರೋದು? ಗಾಳಿ ಇಲ್ಲದ ದಿನ?"

"ಅಂಥ ದಿನ ವರ್ಷಕ್ಕೆ ಆರೇಳು ಇರಬಹುದು ಅಷ್ಟೇ."

"ಎಲ್ಲಿ ಅಳೆದಿರಿ ಅಮ್ಮಾ ಗಾಳೀನ?"

"ವಿಮಾನ ನಿಲ್ದಾಣದಲ್ಲಿ. ಅಲ್ಲೇ ಅಳತೆಯ ಯಂತ್ರ ಇರೋದು."

"ಅದು ಬಯಲು. ನಮ್ಮದು ಬಾಣಲೆಯ ತಳ. ಚಳಿಗಾಲದಲ್ಲಿ ಎಂಟರಿಂದ ಹತ್ತು ಗಂಟೆ ತನಕ ಇಲ್ಲಿ ಎಲೆ ಅಲ್ಲಾಡಲ್ಲ. ಮೂವತ್ತೊಂದು ವರ್ಷ ಅದೇ ಹೊತ್ತಿಗೆ ಅಲ್ಲಿ ನಿಂತು ಕುಡಿದಿದ್ದೀನಿ ನಾನು ಆ ಗಾಳೀನ."

ಅವಳು ನಗಲಿಲ್ಲ. ನಕಾಶೆಯಲ್ಲಿ ನಮ್ಮ ಸರ್ಕಲ್ಲಿನ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿದಳು. "ನೀವು ಹೇಳೋದು ನಿಜ ಇರಬಹುದು. ಆದ್ರೆ ನಾನು ಮೇಲಿನವರಿಗೆ ಏನಂತ ತೋರಿಸಲಿ? ದಾಖಲೆ ಬೇಕಲ್ಲ?"

ಮನೆಗೆ ಬರುವಾಗ ದಾರಿಯಲ್ಲೇ ತಲೆಗೆ ಹೊಳೆಯಿತು. ಹೊಳೆದ ಕೂಡಲೇ ನಡೆಯುತ್ತಿದ್ದವನು ಓಡಿದೆ. ಲಾಂಡ್ರಿ ಚಿಕ್ಕಮ್ಮ ಮನೆಗೆ ಬೆಂಕಿ ಬಿತ್ತೇನೋ ಅಂತ ಬಕೆಟ್ ಹಿಡಿದು ಹಿಂದೆಯೇ ಬಂದಳು. ನನ್ನ ಡ್ಯೂಟಿ ಡೈರಿಗಳು! ಮಂಜು, ಹೊಗೆ ದಟ್ಟವಾಗಿದ್ದರೆ ಗಾಡಿಗಳಿಗೆ ಹೆಡ್‌ಲೈಟ್ ಹಾಕಿಸಬೇಕು, ಹಾಕಿಸಿದ್ದನ್ನು ಹೊತ್ತು ಸಮೇತ ಬರೆಯಬೇಕು ಅನ್ನುವುದು ನಿಯಮ. ನಾನು ಒಂದು ದಿನವೂ ತಪ್ಪಿಸಿಲ್ಲ. "ಹೊಗೆ ನೆಲ ಬಿಟ್ಟಿಲ್ಲ. ಹೆಡ್‌ಲೈಟ್ ಹಾಕಿಸಿದೆ. ೮-೧೫." ಅಟ್ಟದ ಮೇಲಿನ ಟ್ರಂಕಿನಲ್ಲಿ ಮೂವತ್ತೊಂದು ಡೈರಿ ಇದ್ದವು. ಹನ್ನೆರಡು ದಿನ ಕೂತು ಎಣಿಸಿದೆ. ವರ್ಷಕ್ಕೆ ಆರೇಳಲ್ಲ, ಸರಾಸರಿ ನಲವತ್ತಮೂರು ದಿನ. ಹೆಚ್ಚುಕಡಿಮೆ ಎಲ್ಲವೂ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ.

ಆಗಸ್ಟ್ ಕೊನೆಗೆ ಅಹವಾಲು ಸಭೆ ಇದೆ. ಡೈರಿಗಳನ್ನು ಅಲ್ಲಿ ಮಂಡಿಸಬಹುದು ಅಂತ ಇಂಜಿನಿಯರಮ್ಮನೇ ಹೇಳಿದಳು. ಆದರೆ ಮುಟ್ಟಿದರೆ ಹಾಳೆ ಉದುರುತ್ತಿವೆ. ದಾರದಲ್ಲಿ ಕಟ್ಟಿಟ್ಟಿದ್ದೇನೆ.

ಬೈದು ಬರೆ, ಪರವಾಗಿಲ್ಲ. ಆದರೆ ಬರೆ.

ನಿನ್ನ ಅಪ್ಪ

•

ಜೂನ್ ೨೩

ಅಪ್ಪಾ,

ಬೈಗುಳ ಆಮೇಲೆ. ದಾರ ಬಿಚ್ಚು. ದಾರ ಹಾಳೆಯ ಅಂಚು ಕತ್ತರಿಸುತ್ತದೆ. ಅಂಟಿಸಲು ಹೋಗಬೇಡ, ಟೇಪು ಗೀಪು ಮುಟ್ಟಲೇ ಬೇಡ. ಡೈರಿಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಪೆಟ್ಟಿಗೆಗೆ ತುಂಬಿ ನನಗೆ ಕಳಿಸು. ಪಾರ್ಸೆಲ್ ಆಫೀಸಿನಲ್ಲಿ ಅದರ ಮೇಲೆ ಕೂತುಕೊಳ್ಳಬೇಡಿ ಅಂತ ಹೇಳು.

ಮೂವತ್ತೊಂದನ್ನೂ ಬಿಚ್ಚಿ ಹೊಲಿದು, ಗಟ್ಟಿ ರಟ್ಟು ಹಾಕಿ ಕಳಿಸುತ್ತೇನೆ. ಸಭೆಯಲ್ಲಿ ನೂರು ಜನ ಮಗುಚಿದರೂ ಒಂದು ಹಾಳೆ ಅಲ್ಲಾಡಬಾರದು.

ನಿನ್ನ ಮಗಳು

•

ಜುಲೈ ೨೫

ಅಪ್ಪಾ,

ಇವತ್ತು ಕೊನೆಯ ಡೈರಿಗೆ ರಟ್ಟು ಹಾಕಿದೆ. ಕೈಯೆಲ್ಲ ಅಂಟು. ಆದರೂ ಈಗಲೇ ಬರೆಯಬೇಕು.

ಹೊಲಿಯುವವರು ಓದಬಾರದು ಅಂತ ನಮ್ಮ ವೃತ್ತಿಯಲ್ಲಿ ಹೇಳುತ್ತಾರೆ, ಓದಿದರೆ ಕೆಲಸ ಸಾಗುವುದಿಲ್ಲ. ನಾನು ಓದಿದೆ. ಮೊದಮೊದಲು ಲಾರಿ ನಂಬರು, ಕೆಟ್ಟ ಸಿಗ್ನಲ್ಲು, ಯಾವನದೋ ಎಮ್ಮೆ ಅಡ್ಡ ಬಂದದ್ದು. (ನಿನಗೆ ಎಮ್ಮೆ ಎಂದರೆ ಮೊದಲಿಂದಲೂ ಪ್ರೀತಿ ಅಂತ ತಿಳಿಯಿತು.) ಎಂಟನೇ ಡೈರಿಯ ಜೂನ್ ತಿಂಗಳಿಗೆ ಬಂದಾಗ ಒಂದು ಸಾಲು: "೮-೪೦. ಮಗಳು ದಾಟಿದಳು."

ನಾನು ಶಾಲೆಗೆ ಸೇರಿದ ದಿನ ಅದು. ಮರುದಿನ: "೮-೪೧. ಮಗಳು ದಾಟಿದಳು." ಅದರ ಮರುದಿನವೂ. ಹಾಳೆ ತಿರುಗಿಸುತ್ತಲೇ ಹೋದೆ. ಹತ್ತು ವರ್ಷ, ಅಪ್ಪಾ. ಶಾಲೆ ಇದ್ದ ಒಂದು ದಿನವೂ ಬಿಟ್ಟಿಲ್ಲ. "೮-೩೮. ದಾಟಿದಳು. ಕಾಲು ಕುಂಟುತ್ತಿದ್ದಾಳೆ, ಚಪ್ಪಲಿ ನೋಡಬೇಕು." "೮-೪೪. ದಾಟಿದಳು. ಅತ್ತಿದ್ದಾಳೆ." "ದಾಟಲಿಲ್ಲ. ಜ್ವರ. ರಜೆ ಕೇಳಿದೆ, ಸಿಗಲಿಲ್ಲ."

ನಾನು ದಾಟುವಾಗ ನೀನು ಒಂದು ಸಲವೂ ನನ್ನ ಕಡೆ ನೋಡುತ್ತಿರಲಿಲ್ಲ. ಕೈ ಎತ್ತಿ, ಮುಖ ಆ ಕಡೆ ಮಾಡಿ ಕಂಬದ ಹಾಗೆ ನಿಂತಿರುತ್ತಿದ್ದೆ. ಗೆಳತಿಯರು "ನಿಮ್ಮಪ್ಪ ಅಲ್ವಾ ಅದು?" ಅಂದರೆ ನನಗೆ ನಾಚಿಕೆ, ಸಿಟ್ಟು. ಮನೆ ಬಿಡುವ ದಿನ "ನಿನ್ನ ರಸ್ತೆ ನಿನಗೇ ಇರಲಿ" ಅಂದೆನಲ್ಲ, ಆ ಮಾತು ಮಗುವಿನ ಕೆಮ್ಮಿನಿಂದ ಮಾತ್ರ ಬಂದದ್ದಲ್ಲ. ತುಂಬ ಹಿಂದಿನಿಂದ ಬಂದದ್ದು.

ಪೆಟ್ಟಿಗೆ ನಾಳೆ ರೈಲಿಗೆ ಹಾಕುತ್ತೇನೆ. ಪೀಪಿ ಪ್ರತಿ ಡೈರಿಯ ಬೆನ್ನಿನ ಮೇಲೂ ನಂಬರು ಬರೆದಿದ್ದಾಳೆ. ಇಪ್ಪತ್ತೇಳು ಎರಡು ಸಲ ಬಂದಿದೆ, ನೋಡಿಕೋ.

ನಿನ್ನ ಮಗಳು

•

ಆಗಸ್ಟ್ ೩

ಮಗಳೇ,

ನಿನ್ನ ಕಡೆ ನೋಡುತ್ತಾ ನಿಂತಿದ್ದರೆ ಎದುರಿನ ಲಾರಿಯನ್ನು ನೋಡುವವರು ಯಾರು?

ಓರೆಗಣ್ಣಿಗೆ ನಿನ್ನ ಕಾಲು ಕಾಣುತ್ತಿದ್ದವು. ಎರಡೂ ಕಾಲು ಫುಟ್‌ಪಾತ್ ಹತ್ತಿದ ಮೇಲೆ ಕೈ ಇಳಿಸುತ್ತಿದ್ದೆ. ಬಾಯಿಬಿಟ್ಟು ಹೇಳಬೇಕಿತ್ತೇನೋ. ಹೇಳುವುದು ನನಗೆ ಬರುವುದಿಲ್ಲ, ಬರೆಯುವುದಷ್ಟೇ ಬರುತ್ತಿತ್ತು.

ಡೈರಿಗಳು ಬಂದವು. ಎಂಥ ಕೆಲಸ ಮಾಡಿದ್ದೀಯೇ! ಇಂಜಿನಿಯರಮ್ಮ ಒಂದನ್ನು ಕೈಗೆತ್ತಿಕೊಂಡು, "ಇದನ್ನ ಕಟ್ಟಿದವರು ಯಾರು?" ಅಂತ ಕೇಳಿದಳು. "ನನ್ನ ಮಗಳು" ಅಂದೆ. ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ.

ನಿನ್ನ ಅಪ್ಪ

•

ಸೆಪ್ಟೆಂಬರ್ ೧

ಮಗಳೇ,

ಸಭೆ ಮುಗಿಯಿತು.

ಪುರಭವನ ಕಿಕ್ಕಿರಿದಿತ್ತು. ನನ್ನ ಸರದಿ ಹತ್ತೊಂಬತ್ತನೆಯದು. ಮೈಕಿನ ಮುಂದೆ ಮಾತು ಶುರು ಮಾಡಿದ ಕೂಡಲೇ ಅದು ಕುಂಯ್ ಅಂತ ಕಿರುಚಿತಂತೆ, ನನಗೆ ಕೇಳಿಸಲಿಲ್ಲ. ಅಧ್ಯಕ್ಷರು ಏನೋ ಅಂದರು. "ಏನಂದ್ರಿ?" ಅಂದೆ. "ಸ್ವಲ್ಪ ಮೆಲ್ಲಗೆ ಮಾತಾಡಿ ಅಂದೆ!" ಅಂತ ಅವರೇ ಕೂಗಿದರು. ಜನ ನಕ್ಕರು. ನಾನು ಮೈಕು ಪಕ್ಕಕ್ಕೆ ಸರಿಸಿ ಡೈರಿ ತೆರೆದೆ. ವಾದ ಗೀದ ಏನೂ ಮಾಡಲಿಲ್ಲ. ಕೊನೆಯ ಐದು ವರ್ಷದ, ಹೊಗೆ ನೆಲ ಬಿಡದ ದಿನಗಳನ್ನು ಒಂದೊಂದಾಗಿ ಓದಿದೆ, ತಾರೀಖು, ಹೊತ್ತು ಸಮೇತ. ಹತ್ತನೆಯದಕ್ಕೂ ಯಾರೋ ನಗುತ್ತಿದ್ದರು. ಮೂವತ್ತನೆಯದಕ್ಕೆ ಭವನ ತಣ್ಣಗಾಯಿತು.

ಆಗ ಮೂರನೇ ಸಾಲಿನಲ್ಲಿ ಶಾಲೆಯ ಹೆಡ್‌ಮೇಡಂ ಎದ್ದು ನಿಂತರು. ಅವರ ಕೈಯಲ್ಲಿ ಹಾಜರಿ ಪುಸ್ತಕ. ಇಂಜಿನಿಯರಮ್ಮನೇ ಬಂದು ಕೇಳಿದ್ದಳಂತೆ, ನನಗೆ ಹೇಳಿರಲಿಲ್ಲ! "ಇವರು ಓದಿದ ದಿನಗಳ ಮಾರನೇ ದಿನ ನಮ್ಮಲ್ಲಿ ಗೈರುಹಾಜರಿ ಎರಡು ಪಟ್ಟು. ಕೆಮ್ಮು, ಕೆಮ್ಮು, ಕೆಮ್ಮು ಅಂತ ಬರೆದಿದೆ. ನೀವೇ ನೋಡಿ" ಅಂದರು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ನಿಮಗೆ ಸುರಂಗ ಬೇಡವೇ?" ಅಂತ ನನ್ನನ್ನು ಕೇಳಿದರು.

"ಬೇಕು ಸ್ವಾಮೀ! ನನ್ನಷ್ಟು ಬೇಕಾದವರು ಈ ಊರಲ್ಲೇ ಯಾರೂ ಇಲ್ಲ. ಅದಕ್ಕೇ ನೆಟ್ಟಗೆ ಕಟ್ಟಿ ಅಂತ ಹೇಳ್ತಿರೋದು" ಅಂದೆ.

ಚಪ್ಪಾಳೆ. ಅದು ಕೇಳಿಸಿತು.

ಡೈರಿಗಳನ್ನು ಸಮಿತಿ ಇಟ್ಟುಕೊಂಡಿದೆ. ತೀರ್ಮಾನಕ್ಕೆ ಕಾಯಬೇಕು.

ನಿನ್ನ ಅಪ್ಪ

•

ನವೆಂಬರ್ ೧೮

ಮಗಳೇ,

ಗೋಪುರ ಶಾಲೆಯ ಹಿಂದೆ ಬರುವುದಿಲ್ಲ!

ಯಂತ್ರವನ್ನು ನೆಲದಡಿಗೆ ಇಳಿಸಲು ಗೂಡ್ಸ್ ಯಾರ್ಡಿನ ಆಚೆ ದೊಡ್ಡ ಬಾವಿ ತೋಡಿದ್ದರಲ್ಲ, ಅದನ್ನು ಮುಚ್ಚುವವರಿದ್ದರು. ಇಂಜಿನಿಯರಮ್ಮ ಅದೇ ಬಾವಿಯನ್ನು ಗಾಳಿ ಎಳೆಯಲು ಬಳಸಬಹುದು ಅಂತ ನಕಾಶೆ ಬರೆದು ಒಪ್ಪಿಸಿದಳು. ನಮ್ಮಿಂದ ಮೂರು ಕಿಲೋಮೀಟರು ಆಚೆ, ದಿಬ್ಬದ ಮೇಲೆ, ಸದಾ ಗಾಳಿ ಬೀಸುವ ಜಾಗ. ಹೊಗೆಯಲ್ಲಿನ ಮಸಿ ಹಿಡಿಯುವ ಶೋಧಕವನ್ನೂ ಕೂರಿಸುತ್ತಾರೆ. ಇದರಿಂದ ತೆರೆಯುವುದು ಎರಡು ತಿಂಗಳು ತಡವಾಗುತ್ತದೆ. ಬೀದಿಯಲ್ಲಿ ಒಬ್ಬರೂ ಗೊಣಗಲಿಲ್ಲ, ಪಂಕ್ಚರ್ ಅಂಗಡಿಯವನನ್ನು ಬಿಟ್ಟು. ಅವನು ಎಲ್ಲದಕ್ಕೂ ಗೊಣಗುತ್ತಾನೆ.

ನಿನ್ನ ಅಪ್ಪ

•

ಡಿಸೆಂಬರ್ ೧

ಅಪ್ಪಾ,

ಲೈಬ್ರರಿಯಲ್ಲಿ ಕೂಗಬಾರದು. ಕೂಗಿಬಿಟ್ಟೆ.

ಆದರೂ ನಿನ್ನ ಮಗಳಲ್ಲವೇ, ಕೇಳದೆ ಇರಲಾರೆ. ಆ ಯಾರ್ಡಿನ ಆಚೆ ಯಾರೂ ಇಲ್ಲವೇ? ನಮ್ಮ ಮಗುವಿನ ಹೊಗೆ ಇನ್ನೊಬ್ಬರ ಮಗುವಿಗೆ ಹೋಗಬಾರದು. ಸ್ವತಃ ಹೋಗಿ ನೋಡಿ ಬಾ. ಈ ಸಲ ಇದ್ದದ್ದು ಇದ್ದ ಹಾಗೆ ಬರೆ.

ಡಾಕ್ಟರನ್ನು ಕೇಳಿದೆ. ತೆರೆದ ಮೇಲೆ ರಜೆಯಲ್ಲಿ ಎರಡು ಮೂರು ವಾರ ಇರಿಸಿ ನೋಡಿ, ದಿನಾ ಎರಡು ಸಲ ಉಸಿರಿನ ಬಲ ಅಳೆಯುವ ಕೊಳವೆ ಊದಿಸಿ ಬರೆದಿಡಿ, ಆಮೇಲೆ ಮಾತಾಡೋಣ ಅಂದರು. ಬರೆದಿಡುವವರು ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ ಅಂದೆ.

ಏಪ್ರಿಲ್ ಮೊದಲ ವಾರ ಬರುತ್ತೇವೆ.

ನಿನ್ನ ಮಗಳು

•

ಏಪ್ರಿಲ್ ೧೯

ಮಗಳೇ,

ನೀನು ಪೀಪಿಯನ್ನು ನನ್ನ ಹತ್ತಿರ ಬಿಟ್ಟು ರೈಲು ಹತ್ತಿ ಒಂದು ವಾರ ಆಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಕೊಳವೆ ಊದಿದ್ದು: ಬೆಳಿಗ್ಗೆ ಇನ್ನೂರರ ಆಸುಪಾಸು, ಸಂಜೆ ಇನ್ನೂರ ಹತ್ತು. ಬುಧವಾರ ಮಾತ್ರ ನೂರ ಅರವತ್ತಕ್ಕೆ ಇಳಿಯಿತು. ಸೈಕಲ್ ದಾರಿಗೆ ಡಾಂಬರು ಹಾಕುತ್ತಿದ್ದರು, ನಾನು ಕಿಟಕಿ ಮುಚ್ಚುವುದು ತಡವಾಯಿತು. ಇನ್ಹೇಲರ್ ಎರಡು ಸಲ ಕೊಟ್ಟೆ, ಅರ್ಧ ಗಂಟೆಗೆ ಸರಿಹೋಯಿತು. ಆ ಅರ್ಧ ಗಂಟೆ ಅವಳ ಬೆನ್ನಿಗೆ ಕೈಯಿಟ್ಟು ಗಡಿಯಾರ ನೋಡುತ್ತಾ ಕೂತಿದ್ದೆ. ಮಿಕ್ಕ ಆರು ದಿನ ಎದೆ ಶುದ್ಧ. ಶಾಲೆಯ ಗೇಟಿನಲ್ಲಿ ಗಾಳಿಯ ಅಂಕಿ ತೋರಿಸುವ ಫಲಕ ಹಾಕಿದ್ದಾರೆ, ಅದನ್ನೂ ಬರೆದಿಟ್ಟಿದ್ದೇನೆ.

ಯಾರ್ಡಿನ ದಿಬ್ಬಕ್ಕೆ ನಿನ್ನೆ ಮತ್ತೆ ಹೋಗಿದ್ದೆ. ಸಿಗ್ನಲ್ ಕ್ಯಾಬಿನ್ನಿನವನೊಬ್ಬ ಬಿಟ್ಟರೆ ಸುತ್ತ ಮನೆಯಿಲ್ಲ. "ವಾಸನೆ ಬರುತ್ತೇನಪ್ಪಾ?" ಅಂದೆ. "ಮೊದಲು ಕಲ್ಲಿದ್ದಲಿನ ವಾಸನೆ ಇತ್ತು, ಅದೇ ಇದೆ" ಅಂದ. ಅವನ ಕಿಟಕಿಗೂ ಒಂದು ಫಲಕ ಹಾಕಿಸಿ ಅಂತ ಇಂಜಿನಿಯರಮ್ಮನಿಗೆ ಬರೆದುಕೊಟ್ಟಿದ್ದೇನೆ.

ಹದಿನಾಲ್ಕನೇ ನಂಬರಿನ ಮೀಸೆ ಡ್ರೈವರು ನಮ್ಮ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಪೇಪರು ಓದುತ್ತಿದ್ದ. "ಏನಯ್ಯಾ?" ಅಂದರೆ, "ಸರ್ವಿಸಿಗೆ ಸೇರಿದ ಮೇಲೆ ಮೊದಲನೇ ಸಲ ಹೊತ್ತಿಗೆ ಮುಂಚೆ ಬಂದು ಬೈಸಿಕೊಂಡೆ ಸಾರ್" ಅಂದ. ಮುಖದಲ್ಲಿ ಬೈಸಿಕೊಂಡ ಕಳೆಯೇ ಇರಲಿಲ್ಲ. ಪಂಕ್ಚರ್ ಅಂಗಡಿಯವನು ಲಾರಿ ಟೈರು ಬಿಟ್ಟು ಸೈಕಲ್ ರಿಪೇರಿಗೆ ಇಳಿದಿದ್ದಾನೆ. ಕೈ ತುಂಬ ಕೆಲಸ ಅಂತ ಗೊಣಗುತ್ತಾನೆ. ಲಾಂಡ್ರಿ ಚಿಕ್ಕಮ್ಮ ಬಿಳಿ ಬೆಡ್‌ಶೀಟು ಹೊರಗೆ ಒಣಹಾಕಿ, ಸಂಜೆ ತೆಗೆದು, ಎರಡೂ ಬದಿ ತಿರುಗಿಸಿ ದಾರಿಹೋಕರಿಗೆಲ್ಲ ತೋರಿಸುತ್ತಾಳೆ. ಅವಳ ಇಸ್ತ್ರಿ ಪೆಟ್ಟಿಗೆ ಮೇಜಿಗೆ ತಾಗುವ ಸದ್ದು ರಸ್ತೆಯ ಈಚೆಗೆ ನನಗೆ ಕೇಳಿಸುತ್ತಿದೆ, ಬಲಗಿವಿಗೆ.

ನಿನ್ನ ಪ್ರೆಸ್ಸಿನವರು ಮನೆಗೇ ಬಂದಿದ್ದರು. ಬೈಂಡಿಂಗ್ ವಿಭಾಗಕ್ಕೆ ಯಾರೂ ಸರಿಯಾಗಿ ಸಿಕ್ಕಿಲ್ಲವಂತೆ. ನಾನು ಏನೂ ಮಾತು ಕೊಟ್ಟಿಲ್ಲ. ತೀರ್ಮಾನ ಡಾಕ್ಟರದು ಮತ್ತು ನಿನ್ನದು.

ಇವತ್ತಿನ ಮಾತು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಪೀಪಿಯನ್ನು ಸರ್ಕಲ್ಲಿಗೆ ಕರೆದುಕೊಂಡು ಹೋದೆ. ಅಲ್ಲೀಗ ನಡುವೆ ಹೊಸ ಗಿಡಗಳು, ಒಂದು ಕಲ್ಲು ಬೆಂಚು. ಎರಡು ಸೈಕಲ್ಲು ಹೋದವು, ಒಬ್ಬರು ಹಾಲಿನ ಕ್ಯಾನು ತಳ್ಳಿಕೊಂಡು ಹೋದರು. "ನೋಡು, ನಾನು ದಿನಾ ನಿಲ್ತಾ ಇದ್ದದ್ದು ಇಲ್ಲೇ" ಅಂದೆ.

ಅವಳು ಆ ಕಡೆ ನೋಡಿದಳು, ಈ ಕಡೆ ನೋಡಿದಳು. "ಯಾಕಜ್ಜಾ? ಇಲ್ಲಿ ಏನಿತ್ತು?"

ಆರು ಸಾಲು ಗಾಡಿ ಇದ್ದದ್ದು ಹೇಳಿದೆ. ಲಾರಿ ಹಿಂದೆ ಲಾರಿ, ಹಾರನ್ನು, ಈ ಬದಿಯಿಂದ ಆ ಬದಿ ಕಾಣದ ಹೊಗೆ, ದಾಟಲು ಕಾದು ನಿಂತ ಮಕ್ಕಳು, ನಾನು ಕೈ ಎತ್ತಿದರೆ ಮಾತ್ರ ನಿಲ್ಲುತ್ತಿದ್ದ ಗಾಡಿಗಳು, ಎಲ್ಲವನ್ನೂ ಕೈ ಎತ್ತಿ ತೋರಿಸಿಯೇ ಹೇಳಿದೆ. ಅವಳು ಬೆಂಚಿನ ಮೇಲೆ ಕೂತು ಕಾಲು ಆಡಿಸುತ್ತಾ ಕೊನೆಯ ತನಕ ಕೇಳಿದಳು. ಕೇಳಿ, "ಸುಳ್ಳು ಹೇಳ್ತೀಯಾ ಅಜ್ಜಾ" ಅಂತ ನಕ್ಕು, ಬೆಂಚಿನಿಂದ ಧುಮುಕಿ, ಎಡಬಲ ನೋಡದೆ ರಸ್ತೆಯ ಆಚೆ ತುದಿಯವರೆಗೂ ಓಡಿಹೋದಳು.

ಮಗಳೇ, ನನ್ನ ಮಾತನ್ನು ಒಬ್ಬರು ನಂಬದೇ ಇದ್ದದ್ದಕ್ಕೆ ನನಗೆ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ನಿನ್ನ ಅಪ್ಪ